ನಿರಪರಾಧಿ ಸ್ಕೂಟರಿನ ಹೊಗೆ ಪರೀಕ್ಷೆ

ಪ್ರಾಣ ಹೋದರೂ ಸರಿ, ನನ್ನ ಸ್ಕೂಟರಿನ ಮಾನ ಉಳಿಸಿಯೇ ತೀರುತ್ತೇನೆಂದು ಪ್ರತಿಜ್ಞೆ ಮಾಡಿದೆ! ಮಾಡದೆ ಏನು ಮಾಡಲಿ? ಎಂಬತ್ತಾರನೇ ಇಸವಿಯ ಆ ಸಂಜೆ, ಸ್ಕೂಟರಿನ ಹಿಂದೆ ಕೂತು, ಮಾಗಡಿ ರಸ್ತೆಯುದ್ದಕ್ಕೂ ಅದರ ಹೊಗೆಗೆ ಕೆಮ್ಮುತ್ತಲೇ ಬಸವೇಶ್ವರನಗರದ ಮನೆ ಸೇರಿದ ನನ್ನ ಹೆಂಡತಿ ವತ್ಸಲಾ ತೀರ್ಪು ಕೊಟ್ಟೇಬಿಟ್ಟಳು.

"ಇದು ಸ್ಕೂಟರ್ ಅಲ್ಲ ರೀ, ಸೌದೆ ಒಲೆ! ಮೊದ್ಲು ಮಾರಿ. ಬಸ್ಸಲ್ಲಿ ಓಡಾಡೋಣ."

"ತಪ್ಪು ಗಾಡೀದಲ್ಲ ಕಣೇ, ರಸ್ತೇದು! ಹೆಜ್ಜೆಗೊಂದು ಹಳ್ಳ, ಗಳಿಗೆಗೊಂದು ಬ್ರೇಕು. ಫಸ್ಟ್ ಗೇರಲ್ಲೇ ತೆವಳಿದ್ರೆ ಹೊಗೆ ಬರದೆ ಊದುಬತ್ತಿ ಘಮ ಬರುತ್ತಾ?"

"ಹಾಗಾದ್ರೆ ತೋರ್ಸಿ. ನಾಳೆ ಅಪ್ಪನ ಎದುರಿಗೇ ತೀರ್ಮಾನ ಆಗ್ಲಿ."

ಅಪ್ಪ ಎಂದರೆ ನನ್ನ ಮಾವ ಸೇತುರಾಮಯ್ಯನವರು. ಮರುದಿನದ ಸತ್ಯನಾರಾಯಣ ಪೂಜೆಗೆಂದು ಬಂದಿದ್ದರು. ಅವರು ಮಾರು ಎಂದರೆ ಮುಗಿಯಿತು, ಆಮೇಲೆ ನಾನು ಬಸ್ ಸ್ಟಾಪಿನ ಪಾಲು!

ವಿಜ್ಞಾನಕ್ಕೆ ಬೇಕಾದದ್ದು ಎರಡು ಬಿಳಿ ಬಟ್ಟೆ. ಬೆಳಗ್ಗೆ ಎದ್ದವನೇ, ಹಿತ್ತಿಲ ಗಳುವಿನ ಮೇಲೆ ಒಣಗುತ್ತಿದ್ದ ಪಂಚೆ, ಶಲ್ಯಗಳನ್ನು ನನ್ನ ಹಳೆಯವೇ ಇರಬೇಕೆಂದು ಎಳೆದುಕೊಂಡು ಹೊರಟೆ.

ಮೊದಲು ಸೈಲೆನ್ಸರಿನ ಬಾಯಿಗೆ ಶಲ್ಯವನ್ನು ಸಡಿಲವಾಗಿ ಕಟ್ಟಿ, ನಂದಿನಿ ಲೇಔಟಿನ ಖಾಲಿ ರಸ್ತೆಯಲ್ಲಿ ಒಂದೇ ಸಮನೆ ಅರ್ಧ ಗಂಟೆ ಓಡಿಸಿದೆ. ಶಲ್ಯಕ್ಕೆ ನಶ್ಯದ ಕಲೆಯಷ್ಟೇ! ಆಮೇಲೆ ಪಂಚೆ ಕಟ್ಟಿ ಮಾಗಡಿ ರಸ್ತೆಗಿಳಿದೆ. ಮುಂದೆ ಇಟ್ಟಿಗೆ ಲಾರಿ, ಹಿಂದೆ ಬಸ್ಸು, ಪಕ್ಕದಲ್ಲಿ ಎತ್ತಿನ ಗಾಡಿ. ನಿಲ್ಲು, ಹೊರಡು, ಹಳ್ಳಕ್ಕಿಳಿ, ಹತ್ತು! ಅರ್ಧ ಗಂಟೆಗೆ ಅರ್ಧ ಮೈಲಿ. ಬಿಚ್ಚಿ ನೋಡುತ್ತೇನೆ, ಪಂಚೆ ಬಾಣಲೆಯ ತಳದಷ್ಟು ಕಪ್ಪು! ಕೊಳಕು ಕಂಡು ಇಷ್ಟು ಸಂತೋಷಪಟ್ಟವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ಮನೆಗೆ ನುಗ್ಗಿದೆ. ಪುರೋಹಿತರು ಆಗಲೇ ಬಂದು ಕೂತಿದ್ದರು. ಸ್ನಾನ ಮುಗಿಸಿದ ಮಾವನವರು ಒದ್ದೆ ಟವೆಲ್ಲಿನಲ್ಲಿ ನಡುಗುತ್ತ, ಕೈಯಲ್ಲಿ ಮಡಿಕೋಲು ಹಿಡಿದು, ಖಾಲಿ ಗಳುವನ್ನೇ ನೋಡುತ್ತ ನಿಂತಿದ್ದರು. ನಾನದನ್ನು ಗಮನಿಸಿದರೆ ತಾನೆ!

"ನೋಡಿ ಮಾವ! ಖಾಲಿ ರಸ್ತೆ, ಬಿಳುಪು! ಮಾಗಡಿ ರಸ್ತೆ, ಕಪ್ಪು! ಗಾಡಿ ನಿರಪರಾಧಿ!" ಎಂದು ಎರಡನ್ನೂ ಬಾವುಟದಂತೆ ಎತ್ತಿ ಹಿಡಿದೆ.

ಮಾವನವರು ಕಪ್ಪು ಬಟ್ಟೆಯ ಅಂಚನ್ನೇ ದಿಟ್ಟಿಸಿದರು.

"ಅಳಿಯಂದ್ರೇ, ಇದು ಪೂಜೆಗೆ ಅಂತ ನಾನು ನಾಲ್ಕು ಗಂಟೆಗೇ ಎದ್ದು, ಹಿಂಡಿ, ಹರವಿದ ಮಡಿ ಪಂಚೆ. ಈಗ ನಾನೇನು ಉಟ್ಕೊಳ್ಳಲಿ?"

ಪುರೋಹಿತರು ಕೆಮ್ಮಿದರು, ಹೊಗೆಯಿಂದಲ್ಲ. ನಾನು ಎರಡೂ ಬಾವುಟಗಳನ್ನು ಕೆಳಗಿಳಿಸಿದೆ.

"ಹಾಗಾದ್ರೆ... ಸ್ಕೂಟರ್ರು?" ಎಂದೆ ಮೆಲ್ಲಗೆ.

ವತ್ಸಲಾ ಎರಡೂ ಬಟ್ಟೆಗಳನ್ನು ತಿರುವಿ ನೋಡಿದಳು.

"ಒಪ್ಕೊಂಡೆ ರೀ, ಗಾಡೀದೇನೂ ತಪ್ಪಿಲ್ಲ. ಅದು ಮನೇಲೇ ಇರ್ಲಿ. ಮಾರ್ಬೇಕಾಗಿರೋದು ನಿಮ್ಮನ್ನ. ಈ ಕಂಡೀಷನ್ನಲ್ಲಿ ಯಾರು ತಗೋತಾರೆ ಅಂತ್ಲೇ ಯೋಚ್ನೆ!"