ಆರಂಕಿಯ ಗುಟ್ಟೂ ನಂಬರಪ್ಪನವರ ಕಂಠವೂ

ನಂಬರಪ್ಪನವರಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ. ಆದರೆ ಕಣ್ಣಿನ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಟೋಕನ್ ಕೂಗುವ ಕೆಲಸ ಮಾಡಿದ ಮೇಲೆ ಆ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಕೆಲಸವೇನೋ ಸುಲಭದ್ದೇ. ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು, ಕೈಗೆ ಬಂದ ಚೀಟಿಯ ಮೇಲಿನ ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಕಾದು ಕುಳಿತವರಲ್ಲಿ ಅರ್ಧ ಜನರ ಕಣ್ಣಿಗೆ ಔಷಧಿ ಬಿಟ್ಟಿರುವುದರಿಂದ ಅವರಿಗೆ ಬೋರ್ಡು ಕಾಣಿಸದು. ಇನ್ನರ್ಧ ಜನರ ಕಿವಿಯೂ ಅಷ್ಟಕ್ಕಷ್ಟೇ. ಹೀಗಾಗಿ ಒಂದೊಂದೇ ಅಂಕಿಯನ್ನು ಬಿಡಿಬಿಡಿಯಾಗಿ, ಎರಡೆರಡು ಸಲ, ಹೊಟ್ಟೆಯಾಳದಿಂದ ಕೂಗಬೇಕು.

ತೊಂದರೆಯೆಂದರೆ, ಈ ಅಭ್ಯಾಸ ಆಸ್ಪತ್ರೆಯ ಗೇಟು ದಾಟಿ ಅವರ ಜೊತೆಗೇ ಮನೆಗೂ ಬಂದುಬಿಟ್ಟಿತ್ತು. ಕಣ್ಣಿಗೆ ಅಂಕಿ ಬಿದ್ದರೆ ಸಾಕು, ಅದು ಬಾಯಿಂದ ಹೊರಟೇ ಬಿಡುತ್ತಿತ್ತು. ಬಸ್ಸಿನ ನಂಬರು, ಕ್ಯಾಲೆಂಡರಿನ ತಾರೀಖು, ಚಪ್ಪಲಿಯ ಅಡಿಯ ಸೈಜು, ಯಾವುದಕ್ಕೂ ರಿಯಾಯಿತಿ ಇಲ್ಲ. ಒಮ್ಮೆ ಮಗಳ ಅಂಕಪಟ್ಟಿಯನ್ನು ನಡುಮನೆಯಲ್ಲಿ ನಿಂತು ಓದಿದ್ದು ಬೀದಿಯ ಕೊನೆಯವರೆಗೂ ಕೇಳಿಸಿ, ಗಣಿತದ ವಿಷಯವಾಗಿ ಮೂರು ಮನೆಯವರು ಸಮಾಧಾನ ಹೇಳಲು ಬಂದಿದ್ದರು.

ಅವರ ಹೆಂಡತಿಯ ಕಸುಬು ಇದಕ್ಕೆ ಪೂರ್ತಿ ವಿರುದ್ಧ. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆಕೆಗೆ ಹೊಲಿಗೆ ಎಷ್ಟು ಚೆನ್ನಾಗಿ ಬರುತ್ತಿತ್ತೋ ಬಾಯಿ ಮುಚ್ಚಿಕೊಂಡಿರುವುದೂ ಅಷ್ಟೇ ಚೆನ್ನಾಗಿ ಬರುತ್ತಿತ್ತು. ಸುತ್ತಮುತ್ತಲಿನ ನೂರ ನಲವತ್ತು ಹೆಂಗಸರ ಅಳತೆ ಆಕೆಯ ಬಳಿ ಇತ್ತು. ಯಾರ ಸೊಂಟ ಕಳೆದ ವರ್ಷದಿಂದ ಈ ವರ್ಷಕ್ಕೆ ಎಷ್ಟು ಪ್ರಗತಿ ಸಾಧಿಸಿದೆ ಎಂಬುದು ಆಕೆಗೂ ಆಕೆಯ ಟೇಪಿಗೂ ಮಾತ್ರ ಗೊತ್ತು. ಅಳತೆ ಪುಸ್ತಕವನ್ನು ಗಂಡನ ಕಣ್ಣಿಗೆ ಬೀಳದಂತೆ ಬೀರುವಿನಲ್ಲಿ ಇಡುತ್ತಿದ್ದರು. (ಒಂದೇ ಒಂದು ಸಲ ಒಂದು ಚೀಟಿ ಮೇಜಿನ ಮೇಲೆ ಉಳಿದಿತ್ತು. "ನಲವತ್ತ ನಾಲ್ಕು, ನಲವತ್ತ ನಾಲ್ಕು" ಎಂದು ನಂಬರಪ್ಪನವರು ಕೂಗಿದಾಗ ಆ ನಲವತ್ತ ನಾಲ್ಕು ಅಲ್ಲೇ ಕುರ್ಚಿಯಲ್ಲಿ ಕುಳಿತಿತ್ತು. ಆ ಗಿರಾಕಿ ಈಗ ಬೇರೆ ಕಡೆ ಹೊಲಿಸುತ್ತಾರೆ.) ಗಿರಾಕಿಗಳ ಜೊತೆ ಟೈಲರಮ್ಮನ ಮಾತುಕತೆಯೆಲ್ಲ ಫೋನಿನ ಮೆಸೇಜಿನಲ್ಲೇ ನಡೆಯುತ್ತಿತ್ತು. ಇಪ್ಪತ್ತು ವರ್ಷದ ನಂಬಿಕೆ ಆ ಒಂದು ಖಾತೆಯ ಮೇಲೆ ನಿಂತಿತ್ತು.

ಹೀಗಿರುವಾಗ ಫೋನ್ ಮೋಸದ ಬಗ್ಗೆ ಎಚ್ಚರಿಸಲು ಪೊಲೀಸ್ ಅಧಿಕಾರಿಯೊಬ್ಬರು ಆಸ್ಪತ್ರೆಗೆ ಬಂದು ಒಂದು ಗಂಟೆ ಭಾಷಣ ಮಾಡಿದರು. ನಂಬರಪ್ಪನವರು ಮೊದಲ ಸಾಲಿನಲ್ಲಿ ಕುಳಿತು ಕೇಳಿದರು. ಬೆಳಗ್ಗೆ ಮನೆಯಿಂದ ಹೊರಟಾಗ ಅವರು ಬರೀ ಗಂಡ. ಸಂಜೆ ಹಿಂತಿರುಗಿದಾಗ ಅಖಿಲ ಗೃಹ ಸುರಕ್ಷತಾ ಮಹಾನಿರ್ದೇಶಕರು.

"ಯಾರೇ ಫೋನ್ ಮಾಡಲಿ, ಮೆಸೇಜಿನಲ್ಲಿ ಬರೋ ಆರಂಕಿ ಕೋಡ್ ಮಾತ್ರ ಹೇಳಬಾರದು," ಎಂದು ಹೊಲಿಗೆ ಯಂತ್ರದ ಮುಂದೆ ನಿಂತು ಶುರು ಮಾಡಿದರು.

"ಸರಿ," ಎಂದರು ಟೈಲರಮ್ಮ.

"ಆ ಕೋಡ್ ಅಂದ್ರೆ ಬೀಗದ ಕೈ ಅಂತಲೇ ತಿಳ್ಕೋ. ಕಳ್ಳ ತನ್ನ ಫೋನಿನಲ್ಲಿ ನಿನ್ನ ನಂಬರು ಹಾಕ್ತಾನೆ. ನೀನು ನೀನೇ ಹೌದಾ ಅಂತ ನೋಡೋಕೆ ನಿನಗೆ ಕೋಡ್ ಬರುತ್ತೆ. ಅದನ್ನ ಹೇಳಿಬಿಟ್ರೆ ಅವನೇ ನೀನಾಗಿಬಿಡ್ತಾನೆ."

"ಆಗ್ಲಿ. ಆಮೇಲೆ ಈ ಆರು ಕೋಟುಗಳಿಗೆ ಗುಂಡಿ ಯಾರು ಹಚ್ತಾರೆ, ಅವನಾ?"

"ತಮಾಷೆ ಅಲ್ಲ. ಬ್ಯಾಂಕಿನವರು ಅಂದ್ರೂ ಹೇಳಬಾರದು. ಪೊಲೀಸ್ ಅಂದ್ರೂ ಹೇಳಬಾರದು."

"ಸ್ವಲ್ಪ ಜರುಗಿ, ಬೆಳಕಿಗೆ ಅಡ್ಡ ನಿಂತಿದ್ದೀರಿ."

"ನಾನೇ ಕೇಳಿದ್ರೂ ಹೇಳಬಾರದು."

ಸೂಜಿಗೆ ದಾರ ಪೋಣಿಸುತ್ತಿದ್ದ ಟೈಲರಮ್ಮ ಮೊದಲ ಬಾರಿಗೆ ತಲೆಯೆತ್ತಿ, "ಇದೊಂದು ಚೆನ್ನಾಗಿದೆ," ಎಂದರು.

ಅಂದಿನಿಂದ ಮನೆಯಲ್ಲಿ ಅಭ್ಯಾಸ ಪಂದ್ಯಗಳು ಆರಂಭವಾದವು. ನಂಬರಪ್ಪನವರು ಅಡುಗೆಮನೆಯಲ್ಲಿ ನಿಂತು, ಬಾಯಿಗೆ ಟವೆಲು ಮುಚ್ಚಿಕೊಂಡು, ಹಜಾರದಲ್ಲಿದ್ದ ಮಗಳಿಗೆ ಫೋನ್ ಮಾಡಿ ಕಳ್ಳನಾಗುತ್ತಿದ್ದರು. "ಅಪ್ಪಾ, ನಿಮ್ಮ ಮಾತು ಗೋಡೆಯಿಂದ ಮೊದಲು ಬರುತ್ತೆ, ಫೋನಿಂದ ಆಮೇಲೆ ಬರುತ್ತೆ," ಎಂದು ಮಗಳು ದೂರಿದರೂ ಕಳ್ಳ ಸುಧಾರಿಸಲಿಲ್ಲ. ಮಗಳಿಗೆ ಹತ್ತಕ್ಕೆ ಒಂಬತ್ತು, ಹೆಂಡತಿಗೆ ಹತ್ತಕ್ಕೆ ಆರು ಅಂಕ ಕೊಟ್ಟರು. ಕೋಡ್ ಹೇಳಲಿಲ್ಲ ನಿಜ, ಆದರೆ ಕಳ್ಳನ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ಫೋನ್ ಇಟ್ಟದ್ದಕ್ಕೆ ನಾಲ್ಕು ಅಂಕ ಕಡಿತ.

ನಿಜವಾದ ಕಳ್ಳ ಬಂದದ್ದು ಒಂದು ಭಾನುವಾರದ ಮಧ್ಯಾಹ್ನ. ಟೈಲರಮ್ಮ ಒಂದು ಉದ್ದನೆಯ ಗೌನಿನ ಅಂಚು ಮಡಿಸುತ್ತಿದ್ದರು. ಎರಡೂ ಕೈಯಲ್ಲಿ ಬಟ್ಟೆ, ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು. ಫೋನ್ ಬಡಿದುಕೊಂಡಾಗ ಮೊಣಕೈಯಿಂದಲೇ ಸ್ಪೀಕರ್ ಒತ್ತಿದರು.

"ನಮಸ್ಕಾರ ಅಮ್ಮ, ಬಟನ್ ಕಂಪನಿಯಿಂದ ಮಾತಾಡ್ತಿದ್ದೀನಿ," ಎಂದಿತು ಜೇನಿನಂಥ ಒಂದು ಗಂಡು ದನಿ. "ಟೈಲರ್‌ಗಳಿಗೆಲ್ಲ ಸೇರಿ ಒಂದು ಗುಂಪು ಮಾಡಿದ್ದೀವಿ. ನಿಮಗೆ ಈಗ ಒಂದು ಆರಂಕಿ ನಂಬರ್ ಬರುತ್ತೆ. ಅದನ್ನ ಹೇಳಿಬಿಟ್ರೆ ಸೇರಿಸಿಬಿಡ್ತೀನಿ."

ಟೈಲರಮ್ಮ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. "ಎಂಥ ಬಟನ್ನಪ್ಪಾ?"

"ಎಲ್ಲಾ ಥರದ್ದೂ ಅಮ್ಮ."

"ಎರಡು ತೂತಿಂದೋ, ನಾಲ್ಕು ತೂತಿಂದೋ?"

"ಮೂರು, ಅಮ್ಮ."

"ಮೂರು ತೂತಿನ ಬಟನ್ನು ಇಪ್ಪತ್ತು ವರ್ಷದಲ್ಲಿ ನನ್ನ ಕೈಗೆ ಬಂದಿಲ್ಲ. ಸಿಕ್ಕಿದಾಗ ಫೋನ್ ಮಾಡು. ಕೋಡ್ ಹೇಳಲ್ಲ, ಇಡ್ತೀನಿ."

ವಿಷಯ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಒಳಕೋಣೆಯಲ್ಲಿ ಒರಗಿಕೊಂಡಿದ್ದ ಮಹಾನಿರ್ದೇಶಕರ ಕಿವಿಗೆ ಕೋಡ್ ಎಂಬ ಪದ ಬಿದ್ದಿತ್ತು. ಮೂರು ವಾರದಿಂದ ಅವರು ಕಾಯುತ್ತಿದ್ದ ಗಳಿಗೆ ಅದು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಓಡಿ ಬಂದು ಹೆಂಡತಿ ಕರೆ ಕತ್ತರಿಸುವ ಮೊದಲೇ ಫೋನ್ ಎತ್ತಿಕೊಂಡರು.

"ಏನಯ್ಯಾ, ಯಾರ ಮನೆಗೆ ಫೋನ್ ಮಾಡಿದ್ದೀಯ ಅಂತ ಗೊತ್ತಾ ನಿನಗೆ? ಕೋಡ್ ಬೇಕಾ ಕೋಡು? ನೀನು ಹೆದರಿಸು, ಹೇಳಲ್ಲ. ಪುಸಲಾಯಿಸು, ಹೇಳಲ್ಲ. ಈ ಮನೆ ಗೋಡೆ ಬೇಕಾದ್ರೆ ಬಾಯಿ ಬಿಡಬಹುದು, ನಾವು ಬಿಡಲ್ಲ. ನಾನು ಇಲ್ಲಿ ಇರೋ ತನಕ..."

ಟಿಂಗ್ ಎಂದಿತು ಫೋನು. ತೆರೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ ಮೂಡಿತು.

"ಏಳು, ಸೊನ್ನೆ, ಎರಡು. ಒಂಬತ್ತು, ಒಂಬತ್ತು, ನಾಲ್ಕು," ಎಂದು ಕೂಗಿದರು ನಂಬರಪ್ಪನವರು. ಟೈಲರಮ್ಮ ಗೌನನ್ನು ಬಿಟ್ಟು ಏಳುವಷ್ಟರಲ್ಲಿ ನಿಯಮದ ಪ್ರಕಾರ ಎರಡನೇ ಸಲವೂ ಆಗಿಹೋಯಿತು. "ಏಳು, ಸೊನ್ನೆ, ಎರಡು. ಒಂಬತ್ತು, ಒಂಬತ್ತು, ನಾಲ್ಕು. ಯಾರದು, ಒಳಗೆ ಬನ್ನಿ."

"ಬಂದೆ ಸಾರ್," ಎಂದಿತು ಜೇನಿನ ದನಿ. "ತುಂಬಾ ಸ್ಪಷ್ಟವಾಗಿ ಹೇಳಿದ್ರಿ. ಥ್ಯಾಂಕ್ಸ್."

ಇಪ್ಪತ್ತೆಂಟು ವರ್ಷದಲ್ಲಿ ಅವರ ಉಚ್ಚಾರಣೆಯನ್ನು ಹೊಗಳಿದ ಮೊದಲ ವ್ಯಕ್ತಿ ಅವನು. ಅರ್ಧ ಕ್ಷಣ ನಂಬರಪ್ಪನವರ ಮುಖ ಅರಳಿತು ಕೂಡ. ಆಮೇಲೆ ಹೆಂಡತಿಯ ಮುಖ ನೋಡಿದರು. ಫೋನಿನಲ್ಲಿ ಮೆಸೇಜಿನ ಖಾತೆ ಮುಚ್ಚಿಕೊಂಡು, ಈ ನಂಬರನ್ನು ಬೇರೊಂದು ಫೋನಿನಲ್ಲಿ ತೆರೆಯಲಾಗುತ್ತಿದೆ ಎಂಬ ಸಾಲು ಬಂದಿತ್ತು.

ನಂಬರಪ್ಪನವರು ಸ್ಟೂಲಿನ ಮೇಲೆ ಕುಳಿತರು. ಕಣ್ಣ ಮುಂದೆ ನೂರ ನಲವತ್ತು ಹೆಂಗಸರು ಸಾಲಾಗಿ ಬಂದು ನಿಂತರು. ಪುಸ್ತಕ ಕಳೆದುಹೋಗಿದೆ, ಅಳತೆ ಇನ್ನೊಮ್ಮೆ ಬರೆದು ಕಳಿಸಿ ಎಂದು ಟೈಲರಮ್ಮನ ಹೆಸರಿನಲ್ಲಿ ಕೇಳಿದರೆ ಯಾರು ತಾನೇ ಕಳಿಸುವುದಿಲ್ಲ? ಆಮೇಲೆ ಆ ಕಳ್ಳ ಬಾಯಿ ಬಿಡದಿರಲು ಏನೇನು ಕೇಳುತ್ತಾನೋ. ತಮ್ಮ ಹೆಸರು ಕೆಟ್ಟರೆ ಹೇಗೋ ತಡೆದುಕೊಳ್ಳುತ್ತಿದ್ದರು. ಕೆಡುತ್ತಿರುವುದು ಹೆಂಡತಿಯ ಹೆಸರು.

"ನನ್ನ ಬಾಯಿಂದ ನಿನ್ನ ಇಪ್ಪತ್ತು ವರ್ಷದ ದುಡಿಮೆ ಹಾಳಾಯ್ತು," ಎಂದರು. ಜೀವನದಲ್ಲಿ ಮೊದಲ ಬಾರಿಗೆ ಅವರ ದನಿ ಎದುರಿಗಿದ್ದವರಿಗಷ್ಟೇ ಕೇಳಿಸಿತು.

"ಏನೂ ಆಗಿಲ್ಲ," ಎಂದರು ಟೈಲರಮ್ಮ. "ಆ ಕೋಡ್ ಬಾಗಿಲಿಂದು. ಒಳಗೆ ಇನ್ನೊಂದು ಬೀಗ ಇದೆ. ನನ್ನದೇ ಒಂದು ಗುಟ್ಟಿನ ನಂಬರು. ಅದಿಲ್ಲದೆ ಅವನು ಹೊಸಿಲಲ್ಲೇ ನಿಂತಿರಬೇಕು."

"ಅದನ್ನ ಯಾವಾಗ ಇಟ್ಟೆ?"

"ನೀವು ಭಾಷಣ ಕೇಳ್ಕೊಂಡು ಬಂದ ದಿನವೇ. ಮಗಳ ಹತ್ರ ಕೇಳಿ ಇಟ್ಟೆ."

ನಂಬರಪ್ಪನವರಿಗೆ ಹೃದಯ ತುಂಬಿ ಬಂತು. "ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಯಾ? ಕಳ್ಳರ ಭಯ ಅಷ್ಟು ತಟ್ಟಿತಾ ನಿನಗೆ?"

"ಭಯ ಕಳ್ಳರದ್ದಲ್ಲ," ಎಂದರು ಟೈಲರಮ್ಮ.

ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಆಕೆಯೇ ಎತ್ತಿಕೊಂಡರು.

"ಅಮ್ಮ, ಅದು ಇನ್ನೊಂದು ನಂಬರ್ ಕೇಳ್ತಾ ಇದೆ," ಎಂದ ಕಳ್ಳ.

"ಕೇಳುತ್ತೆ."

"ನೀವು ಹೇಳಲ್ವಾ?"

"ಇಲ್ಲ."

"ಸಾರ್ ಇದ್ದಾರಾ ಅಮ್ಮ? ಸಾರ್‌ಗೆ ಒಂದು ನಿಮಿಷ ಫೋನ್ ಕೊಡ್ತೀರಾ?"

ಟೈಲರಮ್ಮ ಫೋನ್ ಇಟ್ಟು ಮಗಳನ್ನು ಕರೆದರು. ಖಾತೆಯನ್ನು ಮರಳಿ ತೆರೆಯುವ ದಾರಿ ಮಗಳಿಗೆ ಗೊತ್ತಿತ್ತು. ತಮ್ಮ ಫೋನಿಗೇ ಹೊಸ ಕೋಡ್ ತರಿಸಿಕೊಂಡು ಹಾಕಬೇಕು, ಆಮೇಲೆ ಗುಟ್ಟಿನ ನಂಬರು ಒತ್ತಬೇಕು. ಮಗಳು ಬೆರಳು ಇಡುವ ಮೊದಲು ತಾಯಿಯ ಮುಖ ನೋಡಿದಳು. ತಾಯಿ ಗಂಡನ ಮುಖ ನೋಡಿದರು.

"ನೀವು ಸ್ವಲ್ಪ ಅಂಗಳಕ್ಕೆ ಹೋಗಿರಿ," ಎಂದರು.

"ನಾನು ಗೋಡೆ ಕಡೆ ತಿರುಗಿ ನಿಂತ್ಕೋತೀನಿ."

"ಗೋಡೆ ಮೇಲೆ ಕ್ಯಾಲೆಂಡರ್ ಇದೆ."

ನಂಬರಪ್ಪನವರು ಹೊರಗೆ ಹೋಗಿ ಗೇಟಿನ ಬಳಿ ನಿಂತರು. ಹತ್ತು ನಿಮಿಷದಲ್ಲಿ ಖಾತೆ ಮರಳಿ ಬಂತು. ತಮ್ಮ ಹೆಸರಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ಕೊಡಬೇಡಿ, ಮೊದಲು ಫೋನ್ ಮಾಡಿ ವಿಚಾರಿಸಿ ಎಂದು ಟೈಲರಮ್ಮ ಗಿರಾಕಿಗಳಿಗೆಲ್ಲ ಬರೆದು ತಿಳಿಸಿದರು. ಯಾರ ಅಳತೆಯೂ ಎಲ್ಲೂ ಹೋಗಿರಲಿಲ್ಲ. ಸಂಜೆ ಕಾಫಿ ಕುಡಿಯುವಾಗ, ಗುಟ್ಟಿನ ನಂಬರು ಯಾರಿಗೆಲ್ಲ ಗೊತ್ತು ಎಂದು ನಂಬರಪ್ಪನವರು ಮೆಲ್ಲನೆ ವಿಚಾರಿಸಿದರು.

"ನನಗೆ, ಮಗಳಿಗೆ."

"ನನಗೆ ಗೊತ್ತಿರಬೇಡ್ವಾ?"

"ನಿಮಗೆ ಗೊತ್ತಾದ್ರೆ ಕಣ್ಣಿನ ಆಸ್ಪತ್ರೆಗೆಲ್ಲ ಗೊತ್ತಾಗುತ್ತೆ. ಕಾಫಿ ಆರ್ತಾ ಇದೆ, ಕುಡೀರಿ."

ಈಗ ಆ ಮನೆಯಲ್ಲಿ ಒಂದು ಪದ್ಧತಿ ಬೆಳೆದಿದೆ. ಫೋನಿಗೆ ಯಾವುದೇ ಕೋಡ್ ಬರುವುದಿದ್ದರೂ, "ಅಪ್ಪಾ, ಕೋಡ್," ಎಂದು ಮಗಳು ಹೇಳುತ್ತಾಳೆ. ನಂಬರಪ್ಪನವರು ಪೇಪರು ಮಡಿಸಿಕೊಂಡು ಎದ್ದು ಅಂಗಳಕ್ಕೆ ಹೋಗುತ್ತಾರೆ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ಕಾಂಪೌಂಡಿನ ಆಚೆಯಿಂದ, "ಕೋಡಾ?" ಎಂದು ಕೇಳುತ್ತಾರೆ. "ಕೋಡು," ಎನ್ನುತ್ತಾರೆ ಇವರು. ಇಬ್ಬರೂ ಹವಾಮಾನ, ಮಂಡಿನೋವು, ಹೊಸ ಬಸ್ಸುಗಳ ಬ್ರೇಕು ಇತ್ಯಾದಿ ಮಾತಾಡುತ್ತ ನಿಲ್ಲುತ್ತಾರೆ. ಅಂಗಳದಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ. ಹೊರಹಾಕಿಸಿಕೊಂಡ ಮನುಷ್ಯನಿಗೆ ಇಷ್ಟು ಸುಖ ಇರಬಾರದು, ಆದರೆ ಇದೆ.

ಒಂದೇ ಒಂದು ಸಂಗತಿ ಅವರನ್ನು ಆಗಾಗ ಕೊರೆಯುತ್ತದೆ. ಇತ್ತೀಚೆಗೆ ಕೋಡುಗಳು ಬರುವುದು ಬಹಳ ಹೆಚ್ಚಾಗಿದೆ. ಅದರಲ್ಲೂ ಅವರು ಮಗಳ ಓದಿನ ಬಗ್ಗೆ, ಫ್ಯಾನು ಆರಿಸುವ ಬಗ್ಗೆ, ತಮ್ಮ ಕಾಲದ ಶಿಸ್ತಿನ ಬಗ್ಗೆ ನಾಲ್ಕು ಮಾತು ಹೇಳಲು ಗಂಟಲು ಸರಿಮಾಡಿಕೊಂಡಾಗಲೆಲ್ಲ ಒಂದು ಕೋಡ್ ಬಂದೇ ಬರುತ್ತದೆ. ಟಿಂಗ್ ಎಂದ ಶಬ್ದ ತಮಗೆ ಕೇಳಿಸಲಿಲ್ಲವಲ್ಲ ಎಂಬ ಅನುಮಾನ ಗೇಟಿನ ಬಳಿ ನಿಂತಾಗ ಅವರಿಗೆ ಬರುವುದುಂಟು. ಆದರೆ ಕೋಡ್ ನಿಜವಾಗಿ ಬಂದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕಾದರೆ ಫೋನ್ ನೋಡಬೇಕು, ಫೋನ್ ನೋಡುವ ಹಾಗಿಲ್ಲ.