ಅವರೆಕಾಯಿಗೊಂದು ಹುಳ

ಓದಿದವನಿಗಿರುವ ದೊಡ್ಡ ಕಾಯಿಲೆಯೆಂದರೆ, ಯಾರೂ ಕೇಳದಿದ್ದರೂ ವಿವರಿಸುವುದು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಜೀವಶಾಸ್ತ್ರದ ಬಿ.ಎಸ್ಸಿ.; ಅದೂ ಶಿಡ್ಲಘಟ್ಟದಿಂದ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ ಗಿಟ್ಟಿಸಿದ್ದು. ಅಷ್ಟು ಕಷ್ಟಪಟ್ಟು ತುಂಬಿಕೊಂಡದ್ದನ್ನು ಒಳಗೇ ಇಟ್ಟುಕೊಂಡರೆ ಅಜೀರ್ಣವಾಗುವುದಿಲ್ಲವೇ? ಆದ್ದರಿಂದ ಅಮ್ಮ ಅವರೆಕಾಯಿ ಸುಲಿಯುವಾಗಲೆಲ್ಲ ಎದುರು ಕೂತು ಕುಲಾಂತರಿ ಬೆಳೆಯ ಲಾಭಗಳನ್ನು ಬೋಧಿಸುತ್ತೇನೆ.

"ಅಮ್ಮಾ, ಬೀಜದೊಳಗೇ ಒಂದು ಗುಣ ಸೇರಿಸಿಬಿಟ್ರೆ, ಕಾಯಿ ಕೊರೆಯೋ ಹುಳ ತಿಂದು ಸಾಯತ್ತೆ. ಔಷಧಿ ಹೊಡೆಯೋ ಖರ್ಚು ಉಳಿಯತ್ತೆ, ಆ ವಿಷ ನಮ್ಮ ಹೊಟ್ಟೆಗೆ ಹೋಗೋದೂ ತಪ್ಪತ್ತೆ."

"ಹುಳಾನೇ ತಿಂದು ಸಾಯೋ ಅಂಥದ್ದನ್ನ ತಿಂದು ನಾವು ಬದುಕ್ತೀವೇನೋ?"

"ಹುಳದ ಹೊಟ್ಟೇನೇ ಬೇರೆ, ನಮ್ಮ ಹೊಟ್ಟೇನೇ ಬೇರೆ."

ಅಮ್ಮ ನನ್ನ ಹೊಟ್ಟೆಯನ್ನೇ ದಿಟ್ಟಿಸಿ, "ಅದೇನೋ ನಿಜ ಬಿಡಪ್ಪ" ಎಂದಳು.

ಇಲ್ಲಿಯವರೆಗೆ ತೊಂದರೆಯಿರಲಿಲ್ಲ. ಕಳೆದ ಭಾನುವಾರ ಗೌರಿಬಿದನೂರಿನಿಂದ ಮಾವ ಬರುವವರಿದ್ದರು. ನಮ್ಮ ಮನೆಯಲ್ಲಿ ಅವರು ಮೆಚ್ಚಿ ಉಣ್ಣುವುದು ಒಂದೇ, ಅಮ್ಮನ ಹಿದುಕಿದ ಬೇಳೆ ಸಾರು. ಕಾಳು ನೆನೆಸಿ, ಒಂದೊಂದನ್ನೇ ಹಿದುಕಿ ಸಿಪ್ಪೆ ಬಿಡಿಸಿ ಮಾಡುವಂಥದ್ದು. ಶನಿವಾರವೇ ನಾನು ಚಿಂತಾಮಣಿ ಮಾರ್ಕೆಟ್ಟಿಗೆ ಹೋಗಿ, ಕಲೆಯಿಲ್ಲದ, ತೂತಿಲ್ಲದ ಕಾಯಿಗಳನ್ನೇ ಆರಿಸಿ ತಂದೆ. ಅಮ್ಮ ಸುಲಿಯುತ್ತಾ ಹೋದಂತೆ ಅವಳ ಮುಖ ಸಪ್ಪಗಾಗುತ್ತಾ ಹೋಯಿತು. ನಮ್ಮ ಕಡೆ ಹುಳವೇ ಅವರೆಕಾಯಿಯ ಸರ್ಟಿಫಿಕೇಟು. ಹುಳ ಬದುಕಿದೆಯೆಂದರೆ ಔಷಧಿ ಬಿದ್ದಿಲ್ಲ ಎಂದರ್ಥ. ಬುಟ್ಟಿ ಮುಗಿಯಿತು, ಹುಳ ಕಾಣಲಿಲ್ಲ.

"ಒಂದು ಹುಳಾನೂ ಇಲ್ವಲ್ಲೋ! ಇದು ನೀನು ಹೇಳ್ತಿದ್ದ ಕಾಯೇ. ಬೀಗರಿಗೆ ನಾನಿದನ್ನ ಇಕ್ಕಲ್ಲ."

"ಅಯ್ಯೋ, ಅಂಥ ಅವರೆ ಮಾರ್ಕೆಟ್ಟಿಗೇ ಬಂದಿಲ್ಲಮ್ಮ!"

"ಹಂಗಾದ್ರೆ ಔಷಧಿ ಹೊಡೆದವ್ರೆ."

ಕುಲಾಂತರಿಯೆಂದರೂ ಒಲೆ ಹತ್ತುವುದಿಲ್ಲ, ಅಲ್ಲವೆಂದರೂ ಹತ್ತುವುದಿಲ್ಲ. ಹೆಂಡತಿ ಸುಜಾತ, "ನಮ್ಮಪ್ಪಂಗೆ ಸಾರಿಲ್ಲ ಅಂದ್ರೆ ನಿಮಗೂ ಊಟ ಇಲ್ಲ ಕಣ್ರಿ" ಎಂದು ತೀರ್ಪು ಕೊಟ್ಟಳು.

ನಾನು ಮೆಲ್ಲಗೆ ಹೊರಗೆ ಬಂದೆ. ಪಕ್ಕದ ಮನೆಯ ನಸೀಮಾ ಆಪಾ ಬಾಗಿಲಲ್ಲಿ ಕೂತು ಅವರೆಕಾಯಿಯೇ ಸುಲಿಯುತ್ತಿದ್ದರು. ದನಿ ತಗ್ಗಿಸಿ, "ಆಪಾ, ಒಂದು ಹುಳ ಇದ್ರೆ ಕೊಡ್ತೀರಾ?" ಎಂದೆ.

"ಸಕ್ಕರೆ ಕೇಳೋರ್ನ ನೋಡಿದೀನಿ, ಹುಳ ಕೇಳೋರು ನೀವೇ ಮೊದಲು! ರೇಷ್ಮೆದು ಬೇಕಾದ್ರೆ ಒಳಗೆ ಗೂಡು ರಾಶಿ ಬಿದ್ದೈತೆ, ತೊಗೊಳ್ಳಿ."

"ಅವರೆಕಾಯಿದೇ ಬೇಕು."

"ದಪ್ಪಂದಾ, ಸಣ್ಣದಾ?"

"ಆರೋಗ್ಯವಾಗಿರೋದು."

ಹಸಿರಾಗಿ ಹೊಳೆಯುವುದೊಂದನ್ನು ಆರಿಸಿ ಕೊಟ್ಟರು. ಸಿಪ್ಪೆಯಲ್ಲಿ ಮುಚ್ಚಿಕೊಂಡು ಬಂದು, ಅಮ್ಮ ಆಚೆ ತಿರುಗಿದಾಗ ಕಾಳಿನ ರಾಶಿಯ ಮೇಲೆ ಬಿಟ್ಟು, "ಇನ್ನೊಂದ್ಸಲ ನೋಡಮ್ಮ" ಎಂದೆ. ಅಮ್ಮ ಬಗ್ಗಿದಳು. ಹುಳ ಮೈಮುರಿದು ತೆವಳಿತು. "ಅಯ್ಯೋ ನನ್ನ ಬಂಗಾರ!" ಎಂದಳು. ನನಗಲ್ಲ, ಹುಳಕ್ಕೆ. ಕಾಳು ಆಗಲೇ ನೀರಿಗೆ ಬಿತ್ತು.

ಭಾನುವಾರ ಮಾವ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿ, "ಆಹಾ! ಎಲ್ಲಿ ಸಿಕ್ತು ಇಂಥ ಕಾಯಿ?" ಎಂದರು.

"ನನ್ನ ಮಗ ತಂದಿದ್ದು ಬೀಗ್ರೆ. ಹುಳ ಇರೋ ಕಾಯಿ ನೋಡಿ ಆರಿಸವ್ನೆ. ಓದ್ಸಿದ್ದು ಸಾರ್ಥಕ ಆಯ್ತು."

ಡಿಗ್ರಿ ಬಂದ ದಿನವೂ ಅಮ್ಮ ಇಷ್ಟು ಹೇಳಿರಲಿಲ್ಲ. ಹುಳ ಬೀಳದ ಬೆಳೆಯ ಲಾಭವನ್ನು ಮಾವನಿಗೂ ವಿವರಿಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಇನ್ನೊಂದು ಸೌಟು ಸಾರು ಸುರಿದಳು. ವಿಜ್ಞಾನವೆಲ್ಲಿ ಓಡಿಹೋಗುತ್ತದೆ, ಅವರೆಯ ಕಾಲ ಮುಗಿಯಲಿ ಎಂದುಕೊಂಡು ತೆರೆದ ಬಾಯಿಗೆ ಮುದ್ದೆ ಇಟ್ಟೆ.