ವಾಡೆಯ ಬಾಂಧವರು

ರಮಾಕಾಂತ ದೇಸಾಯರ ಫಜೀತಿಗೆಲ್ಲ ಕಾರಣ ಒಂದು ಹತ್ತಿಕಡ್ಡಿ. ಅಲ್ಲ, ಅದಕ್ಕೂ ಮೊದಲು ಅವರ ನಾಲಿಗೆ. ಮಗಳು ಗೀತಾಂಜಲಿಯನ್ನು ನೋಡಲು ಬಂದ ಹುಬ್ಬಳ್ಳಿಯ ಬೀಗರು, "ವಾಡೇದ ದೇಸಾಯರ ಪೈಕಿ ಏನ್ರಿ ನೀವು?" ಎಂದು ಕೇಳಿದಾಗ, ಧಾರವಾಡದ ಶಾಲೆಯೊಂದರ ಗುಮಾಸ್ತರಾಗಿದ್ದ ಈ ಬಡಪಾಯಿ "ಹೌದ್ರಿ" ಅಂದುಬಿಟ್ಟಿದ್ದರು.

ಓಣಿಯ ತುದಿಯ ಆ ವಾಡೆಯ, ಅಂದರೆ ಹಳೆಯ ದೊಡ್ಡಮನೆಯ, ಶ್ರೀರಂಗ ದೇಸಾಯರು ಮಾತ್ರ ಇವರನ್ನು ಎಂದೂ ತಮ್ಮವರೆಂದು ಒಪ್ಪಿದವರಲ್ಲ. "ಅಡ್ಡಹೆಸರು ಒಂದ ಆದ್ರ ಬಾಂಧವರಾಗ್ತಾರೇನು?" ಎನ್ನುತ್ತಿದ್ದರು. ಆಗ ಬಂದ ನೋಡಿ, ಸಂಶೋಧನೆ ಮಾಡುತ್ತಿದ್ದ ಓಣಿಯ ಹುಡುಗ ವಿನೋದ. ತಂದೆಯಿಂದ ಮಗನಿಗಷ್ಟೇ ಇಳಿದು ಬರುವ ವೈ ವರ್ಣತಂತುವಿನ ಗುರುತು ಹಿಡಿದು ಮನೆತನಗಳ ಮೂಲ ಹುಡುಕುವುದು ಅವನ ಕೆಲಸ. ಓಣಿಯ ಗಂಡಸರ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿದ. ಶ್ರೀರಂಗರೂ ಬಾಯಿ ತೆರೆದರು. "ನಂದೂ ರಮಾಕಾಂತಂದೂ ಕೂಡಿದ್ರ, ಬಾಂಧವ ಅಂತ ನಾಕು ಮಂದಿ ಮುಂದ ಒಪ್ಕೋತೀನಿ, ಹೋಗು!" ಎಂದು ನಕ್ಕರು.

ಫಲಿತಾಂಶ ಬಂದದ್ದು ಗೀತಾಂಜಲಿಯ ಮದುವೆ ನಿಶ್ಚಯದ ದಿನವೇ. ಸುಳ್ಳು ಬಯಲಾದರೆ ಮಗಳ ಗತಿಯೇನೆಂದು ರಮಾಕಾಂತರಿಗೆ ಮುಂಜಾನೆಯಿಂದ ಚಹಾ ಕೂಡ ಇಳಿದಿರಲಿಲ್ಲ.

"ಕಾಕಾ, ಇಬ್ಬರದೂ ಕೂಡ್ತದ್ರಿ," ಎಂದ ವಿನೋದ. "ಆದ್ರ ಪೂರಾ ಕೇಳ್ರಿ. ನಿಮ್ಮಿಬ್ಬರ ಮೂಲಪುರುಷ ನಿಮ್ಮ ಅಜ್ಜನ ಅಜ್ಜನೂ ಇರಬಹುದು, ಸಾವಿರ ವರ್ಷದ ಹಿಂದಿನಾಂವನೂ..."

ಪೂರಾ ಕೇಳುವವರು ಯಾರು? ರಮಾಕಾಂತರು ಅಷ್ಟರಲ್ಲಿ ಬೀದಿಗಿಳಿದಿದ್ದರು. ಎದುರುಮನೆಯ ಗೌರಕ್ಕನ ಕಿವಿಗೆ ಬಿದ್ದದ್ದೇ ತಡ, ಸುದ್ದಿ ಓಣಿಯೆಲ್ಲ ತಿರುಗಿತು. "ನೀವ್ ಕುಂದರ್ರಿ, ವಾಡೇಕ್ಕ ನಾ ಹೋಗಿ ಹೇಳ್ತೇನಿ. ಶ್ರೀರಂಗಪ್ಪನವರನ್ನ ಕರಕೊಂಡೇ ಬರ್ತೇನಿ!" ಎಂದು ಗೌರಕ್ಕ ಹೊರಟೇಬಿಟ್ಟಳು.

ಸಂಜೆ ಬೀಗರು ಬಂದು ಜಮಖಾನೆಯ ಮೇಲೆ ಕೂತರು. ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ. ಹೆಂಡತಿ ಲಕ್ಷ್ಮೀಬಾಯಿ ಮಗಳನ್ನು ಕರೆತರುವಷ್ಟರಲ್ಲಿ ಗೌರಕ್ಕನ ಹಿಂದೆ ಶ್ರೀರಂಗರು ಬಂದು ಹೊಸ್ತಿಲಾಚೆಯೇ ನಿಂತರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಾತು ಕೊಟ್ಟಿದ್ದೆ, ಒಪ್ಕೊಂಡೆ. ರಮಾಕಾಂತ ನಮ್ಮ ಬಾಂಧವ," ಎಂದರು. ರಮಾಕಾಂತರ ಎದೆಯುಬ್ಬಿತು. "ಬಾಂಧವ ಅಂದಮ್ಯಾಲ ಹೇಳಲಿಕ್ಕೇ ಬೇಕು. ಪುಣೇದಾಗ ನಮ್ಮ ಕಾಕಾ ಮಧ್ಯಾಹ್ನ ಹೋದ್ರಂತ. ಹತ್ತು ದಿವಸ ಸೂತಕ. ನಿಮಗೂ."

ಬೀಗರು ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು.

"ವಿನೋದಾ! ಸಾವಿರ ವರ್ಷ ಅಂದಿಯಲ್ಲೋ, ಹೇಳೋ ಅದನ್ನ! ಅಷ್ಟು ದೂರದವರಿಗೆ ಎಲ್ಲೀ ಸೂತಕ?" ಎಂದು ರಮಾಕಾಂತರು ಮೂಲೆಯಲ್ಲಿ ನಿಂತಿದ್ದ ವಿನೋದನತ್ತ ತಿರುಗಿ ಕೂಗಿದರು.

ಬೀಗರು ಹುಬ್ಬು ಏರಿಸಿದರು. "ಸಾವಿರ ವರ್ಷದ ಹಿಂದಿನ ಸಂಬಂಧ ಅಂದ್ರ, ನೀವು ವಾಡೇದವರಲ್ಲ ಅಂತಾತಲ್ರಿ?"

ರಮಾಕಾಂತರು ಮಗಳ ಮುಖ ನೋಡಿದರು. ಪಾಪ, ಮಲ್ಲಿಗೆ ಮುಡಿದು ನಿಂತಿದ್ದಳು. "ಇಲ್ರಿ... ಭಾಳ ಸಮೀಪದವರರಿ. ಸೂತಕ ಅದರಿ," ಎಂದು ತಲೆ ತಗ್ಗಿಸಿದರು.

"ಹಂಗಾದ್ರ ಸೂತಕ ಕಳದಮ್ಯಾಲ ಬರ್ತೀವ್ರಿ," ಎಂದು ಬೀಗರು ಎದ್ದರು. ಸದ್ಯ, ಸಂಬಂಧವಾದರೂ ಉಳಿಯಿತೆಂದು ರಮಾಕಾಂತರು ಉಸಿರು ಬಿಟ್ಟರು.

ಶ್ರೀರಂಗರು ಮೆಟ್ಟಿಲಿಳಿಯುತ್ತ ಸಮಾಧಾನ ಹೇಳಿದರು. "ಚಿಂತಿ ಮಾಡಬ್ಯಾಡ ತಮ್ಮಾ. ಪುಣೇದಾಗ ತೊಂಬತ್ತು ದಾಟಿದ ಕಾಕಾಗಳು ಇನ್ನೂ ನಾಲ್ವರು ಇದ್ದಾರ. ಅವರೂ ಇನ್ನ ನಿನ್ನವರೇ."